ಅರಗಿನ ತಟ್ಟೆಯೂ ಮಾಳಿಗೆ ಮನೆಯೂ

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳಿದರು. ಆಕಾಶವೆಂದರೆ ತಲೆಯ ಮೇಲೆ ಕಾಣುವ ನೀಲಿ ಮಾತ್ರವಲ್ಲ. ಎಡೆ, ತೆರಪು, ಅವಕಾಶ ಎಂಬ ಅರ್ಥಗಳೂ ಅದಕ್ಕುಂಟು. ಈ ಮಾತಿನ ಮರ್ಮವನ್ನು ತಿಳಿಯಲು ತರ್ಕಶಾಸ್ತ್ರವನ್ನು ಓದಬೇಕಾಗಿಲ್ಲ. ಎರಡು ಕೋಣೆಯ ಫ್ಲಾಟಿನಲ್ಲಿ ಮುನ್ನೂರು ಗ್ರಾಮಫೋನ್ ತಟ್ಟೆಗಳಿಗೆ ಎಡೆ ಹುಡುಕಲು ಹೊರಟರೆ ಸಾಕು. ಹಾಡಿಗೆ ತೂಕವಿಲ್ಲ, ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಅಡಗುತ್ತದೆ. ಅದನ್ನು ಹಿಡಿದಿಟ್ಟ ತಟ್ಟೆಗೋ ತೂಕವೂ ಉಂಟು, ಅಗಲವೂ ಉಂಟು, ಬೇಸಗೆಯ ಭಯವೂ ಉಂಟು. ಹತ್ತಂಗುಲದ ಹಳೆಯ ತಟ್ಟೆಯೊಂದು ಸುಮಾರು 200 ಗ್ರಾಂ ತೂಗುತ್ತದೆ. ಮುನ್ನೂರಕ್ಕೆ ಲೆಕ್ಕ ಹಾಕಿದರೆ ಒಂದು ಅಕ್ಕಿಮೂಟೆಯನ್ನು ಮೀರಿದ ಭಾರ. ಅಕ್ಕಿಮೂಟೆಯಾದರೆ ತಿಂಗಳು ತಿಂಗಳಿಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ.

ಬಳ್ಳಾರಿಯ ಸುತ್ತಿನಲ್ಲಿ ಈ ಪ್ರಶ್ನೆ ಅನೇಕ ಮನೆಗಳಲ್ಲಿ ಈಗ ಎದ್ದಿದೆ. ಮೋಕ, ಸಿರುಗುಪ್ಪ, ಕುರುಗೋಡುಗಳ ಹಳೆಯ ಮನೆಗಳನ್ನು ಮಾರಿಯೋ ಬೀಗ ಹಾಕಿಯೋ ಮಕ್ಕಳು ಬಳ್ಳಾರಿಗೂ ಬೆಂಗಳೂರಿಗೂ ಬಂದು ನೆಲೆಸಿದ್ದಾರೆ. ಪಾತ್ರೆಪಡಗ ಹಂಚಿಹೋಗುತ್ತದೆ, ದೇವರ ಪೆಟ್ಟಿಗೆಗೆ ಯಾರಾದರೂ ಒಬ್ಬರು ಒಡೆಯರಾಗುತ್ತಾರೆ. ಉಳಿಯುವುದು ಅಜ್ಜನ ಕಾಲದ ಟ್ರಂಕು, ಅದರೊಳಗೆ ಕಂದು ಕಾಗದದ ಚೀಲಗಳಲ್ಲಿ ಕಪ್ಪು ತಟ್ಟೆಗಳು. ‘ಇದನ್ನೇನು ಮಾಡೋಣ?’ ಎಂದು ಅಣ್ಣ ತಮ್ಮನನ್ನು ಕೇಳುತ್ತಾನೆ, ತಮ್ಮ ಅಕ್ಕನನ್ನು ಕೇಳುತ್ತಾನೆ. ಗುಜರಿಯವನು ಮಾತ್ರ ಯಾರನ್ನೂ ಕೇಳುವುದಿಲ್ಲ. ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಉತ್ತರ ಕೊಡುವ ಮುನ್ನ ಆ ತಟ್ಟೆ ಎಂಥ ವಸ್ತು, ಎಲ್ಲಿಂದ ಬಂತು, ಇಷ್ಟು ದಿನ ಹೇಗೆ ಉಳಿಯಿತು ಎಂಬುದನ್ನು ನೋಡುವುದು ಒಳ್ಳೆಯದು.

ಹಳೆಯ ತಟ್ಟೆ ಪ್ಲಾಸ್ಟಿಕಿನದಲ್ಲ, ಅರಗಿನದು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳಿಗೆ ಅಂಟಿಕೊಂಡು ಬಾಳುವ ಸಣ್ಣ ಕೀಟವೊಂದು ಸ್ರವಿಸುವ ಅಂಟು ಅದು. ನಮಗೆ ಹೊಸದಲ್ಲ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ್ದು ಅರಗಿನ ಮನೆ. ಅಕ್ಕಸಾಲಿಗನು ಒಡವೆಯ ಒಡಲಿಗೆ ತುಂಬುವುದು ಅರಗು. ಚೆನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಅರಗು. ಸರ್ಕಾರಿ ಲಕೋಟೆಯ ಮೇಲೆ ಮೊಹರು ಬೀಳುತ್ತಿದ್ದುದೂ ಅರಗಿನ ಮೇಲೆಯೇ. ಮೆತ್ತಗಿರುವಾಗ ಒತ್ತಿದರೆ ಅಚ್ಚು ಬೀಳುವುದು, ಆರಿದ ಮೇಲೆ ಆ ಅಚ್ಚನ್ನು ಬಿಡದೆ ಹಿಡಿದುಕೊಳ್ಳುವುದು: ಇದು ಅದರ ಗುಣ. ಕನ್ನಡದಲ್ಲಿ ‘ಧ್ವನಿಮುದ್ರಿಕೆ’ ಎಂದವರು ಯಾರೇ ಆಗಿರಲಿ, ಮುದ್ರೆಯ ಮಾತನ್ನು ಅಲ್ಲಿ ತಂದದ್ದು ವಸ್ತುವಿಗೆ ಒಪ್ಪಿದ ಮಾತಾಯಿತು.

1877ರಲ್ಲಿ ಎಡಿಸನ್ನನು ಮಾತನಾಡುವ ಯಂತ್ರವನ್ನು ಮಾಡಿದಾಗ ದನಿಯನ್ನು ಉರುಳೆಯ ಮೇಲೆ ಕೊರೆದ. ಚಪ್ಪಟೆ ತಟ್ಟೆಯ ಉಪಾಯ ಎಮಿಲ್ ಬರ್ಲಿನರನದು. ಅದಕ್ಕೆ ಅವನು ಹಕ್ಕುಪತ್ರ ಪಡೆದದ್ದು 1887ರಲ್ಲಿ. ಉರುಳೆಗಿಂತ ತಟ್ಟೆ ಗೆದ್ದದ್ದಕ್ಕೆ ಎರಡು ಕಾರಣ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಬಹುದಿತ್ತು. ಎರಡನೆಯದು ನಮ್ಮ ಪ್ರಸ್ತುತ ವಿಷಯಕ್ಕೆ ಸೇರಿದ್ದು: ಉರುಳೆಗಳಿಗೆ ಕಪಾಟು ಬೇಕು, ತಟ್ಟೆಗಳನ್ನು ಪುಸ್ತಕದಂತೆ ಒತ್ತಾಗಿ ಇಡಬಹುದು. ಹಲವು ಕಾಗದದ ಚೀಲಗಳನ್ನು ಒಟ್ಟಿಗೆ ಹೊಲಿದು, ರಟ್ಟು ಕಟ್ಟಿ, ಛಾಯಾಚಿತ್ರದ ಆಲ್ಬಮ್ಮಿನಂತೆ ಮಾಡಿ ಮಾರುತ್ತಿದ್ದರು. ಇಂದು ಹಾಡುಗಳ ಗುಚ್ಛವನ್ನು ‘ಆಲ್ಬಮ್’ ಎನ್ನುತ್ತೇವಲ್ಲ, ಆ ಹೆಸರು ಹಾಡಿನದಲ್ಲ. ಹಾಡನ್ನು ಇಡುವ ಪುಸ್ತಕದ್ದು. ಅದನ್ನು ಜೋಡಿಸಿಡುವ ಚಿಂತೆ ಸಂಗೀತದ ಭಾಷೆಯೊಳಗೇ ಹೀಗೆ ಸೇರಿಹೋಗಿದೆ.

ತೊಂಬತ್ತರ ದಶಕದ ಮಧ್ಯದಿಂದ ಈ ತಟ್ಟೆಗಳಿಗೆ ಅರಗನ್ನು ಬಳಸತೊಡಗಿದರು. ಅರಗಿನ ಪಾಲು ನಾಲ್ಕನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಮೆ. ಉಳಿದದ್ದು ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು. ಅರಗಿನ ಬಹುಪಾಲು ಲೋಕಕ್ಕೆಲ್ಲ ಹೋಗುತ್ತಿದ್ದುದು ನಮ್ಮ ದೇಶದಿಂದ, ಅದರಲ್ಲಿಯೂ ಛೋಟಾನಾಗಪುರದ ಕಾಡುಗಳಿಂದ. 1942ರಲ್ಲಿ ಯುದ್ಧದ ದೆಸೆಯಿಂದ ಅರಗಿಗೆ ಅಭಾವ ಬಂದಾಗ ಅಮೆರಿಕದ ಸರ್ಕಾರ ತಟ್ಟೆಗಳಿಗೆ ಅದರ ಬಳಕೆಯನ್ನು ಕಡಿತಗೊಳಿಸಬೇಕಾಯಿತು. ಆ ದೇಶದ ಗಾಯಕನ ದನಿಗೂ ನಮ್ಮ ಕಾಡಿನ ಹುಳುವಿಗೂ ಇಂಥ ನಂಟು!

ಧ್ವನಿಮುದ್ರಣದ ಯಂತ್ರ ನಮ್ಮಲ್ಲಿಗೆ ಬಂದ ಕಥೆ ಪ್ರಸಿದ್ಧವಾದುದು. ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮೇಣದ ಮೇಲೆ ಇಳಿಸಿಕೊಂಡ. ಆ ಮೇಣ ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಯಾಗಿ, ಮತ್ತೆ ಹಡಗಿನಲ್ಲಿ ನಮ್ಮ ಪೇಟೆಗೆ ಬಂತು. ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆ ಕೂಗು ತಟ್ಟೆಯಲ್ಲೇ ಮುದ್ರಿತವಾಗಿರುವುದರಿಂದ ಹಾಡಿದವರು ಯಾರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ನಿಂತಿತು. ಹಡಗಿನ ಪ್ರಯಾಣ ತಪ್ಪಿತು. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಬಳ್ಳಾರಿಯ ಮಾತಿಗೆ ಬರೋಣ. 1800ರಿಂದ 1953ರವರೆಗೆ ಈ ಸೀಮೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯ ಮೇಲೆ ಊರು ಕುಳಿತಿದೆ. ಒಂದು ತುದಿ ಮದರಾಸಿನ ಕಡೆಗೆ, ಇನ್ನೊಂದು ತುದಿ ಗದಗು ಹುಬ್ಬಳ್ಳಿ ಧಾರವಾಡಗಳ ಕಡೆಗೆ. ಹೀಗಾಗಿ ಇಲ್ಲಿಯ ಜನರಿಗೆ ಒಂದು ಕಿವಿ ಕರ್ಣಾಟಕ ಸಂಗೀತಕ್ಕೆ, ಮತ್ತೊಂದು ಹಿಂದುಸ್ತಾನಿಗೆ. ಒಂದು ಕನ್ನಡಕ್ಕೆ, ಮತ್ತೊಂದು ತೆಲುಗಿಗೆ. ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನಿ ಸಭೆಯೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆಯೂ ಒಂದೇ ಊರಿನಲ್ಲಿ ನಾಟಕವಾಡಿದುವು. ಬಳ್ಳಾರಿ ರಾಘವರು (1880–1946) ರಂಗದಿಂದ ಬೆಳ್ಳಿತೆರೆಗೂ ಹೋದರು. 1936ರ ‘ದ್ರೌಪದಿ ಮಾನಸಂರಕ್ಷಣಂ’, 1939ರ ‘ರೈತುಬಿಡ್ಡ’ ಚಿತ್ರಗಳಲ್ಲಿ ಅಭಿನಯಿಸಿದರು. ಅವರ ಒಡನಾಡಿ ಜೋಳದರಾಶಿ ದೊಡ್ಡನಗೌಡರು (1910–1994) ನಟರಾಗಿ, ಗಮಕಿಯಾಗಿ, ನಾಟಕಕಾರರಾಗಿ ಇದೇ ನೆಲದಲ್ಲಿ ಬೆಳಗಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಗಡಿಯ ಗೆರೆ ಬಿದ್ದದ್ದು ಹೊಲಗಳ ನಡುವೆ; ಟ್ರಂಕಿನೊಳಗೆ ಬೀಳಲಿಲ್ಲ. ಹಗರಿಯ ದಂಡೆಯ ಮೋಕದಿಂದ ಆಂಧ್ರದ ಗಡಿ ದೂರವಲ್ಲ. ಈ ಭಾಗದ ಮನೆಯ ತಟ್ಟೆಗಳಲ್ಲಿ ತೆಲುಗು ಪದ್ಯವೂ ಕನ್ನಡ ವಚನವೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಗ್ರಾಮಫೋನಿಗೆ ವಿದ್ಯುತ್ತು ಬೇಡ. ಕೀಲಿ ಕೊಟ್ಟರೆ ಆಯಿತು. ಆದುದರಿಂದ ದೀಪದ ಕಂಬ ಬರುವುದಕ್ಕೆ ಎಷ್ಟೋ ಮುಂಚೆ ಅದು ಹಳ್ಳಿಯ ಪಡಸಾಲೆಯಲ್ಲಿ ಹಾಡಬಲ್ಲದಾಗಿತ್ತು. ಹತ್ತಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ, ಒಂದೊಂದು ಬದಿಗೆ ಸುಮಾರು ಮೂರು ನಿಮಿಷ ಹಾಡುತ್ತದೆ. ರಾತ್ರಿಯಿಡೀ ನಡೆಯುವ ಬಯಲಾಟ, ತಾಸುಗಟ್ಟಲೆ ವಿಸ್ತರಿಸುವ ಖ್ಯಾಲು, ಎಲ್ಲವೂ ಈ ಮೂರು ನಿಮಿಷದ ಬೋಗುಣಿಯಲ್ಲಿ ಹಿಡಿಯಬೇಕು. ನಾಟಕವಾದರೆ ಹಲವು ತಟ್ಟೆಗಳ ಒಂದು ಸೆಟ್ಟು. ಅದರಲ್ಲಿ ಒಂದು ಒಡೆದರೆ ಕಥೆಗೆ ಕಾಲು ಮುರಿಯಿತು! ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕೆಂಬುದು ನಿಯಮ. ತಟ್ಟೆಯಲ್ಲಿರುವ ಕಲ್ಲಿನ ಪುಡಿ ಮುಳ್ಳನ್ನು ಸವೆಸುವುದಕ್ಕೆಂದೇ ಇತ್ತು. ಮುಳ್ಳು ಸವೆದು ಗೆರೆಗೆ ಹೊಂದಿಕೊಳ್ಳಬೇಕು. ಕಾಸು ಉಳಿಸಲೆಂದು ಹಳೆಯ ಮುಳ್ಳನ್ನೇ ಹತ್ತು ಸಲ ಬಳಸಿದವರ ಮನೆಯ ತಟ್ಟೆ ಇಂದು ಹಾಡುವುದಿಲ್ಲ. ಬಾಣಲೆಯಲ್ಲಿ ಹುರಿದ ಸದ್ದು ಮಾಡುತ್ತದೆ.

ಬಳ್ಳಾರಿಯ ಬಿಸಿಲನ್ನು ವರ್ಣಿಸುವುದು ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅರಗೋ ಬಿಸಿಗೆ ಮೆತ್ತಗಾಗುವ ಪದಾರ್ಥ. ಇಂಥ ಊರಿನಲ್ಲಿ ಎಂಬತ್ತು ತೊಂಬತ್ತು ವರ್ಷದ ತಟ್ಟೆಗಳು ಬಾಗದೆ ಉಳಿದದ್ದು ಹೇಗೆ? ಇದಕ್ಕೆ ಉತ್ತರ ತಟ್ಟೆಯಲ್ಲಿಲ್ಲ, ಮನೆಯಲ್ಲಿದೆ. ನಮ್ಮ ಸೀಮೆಯ ಮಾಳಿಗೆ ಮನೆಯ ಗೋಡೆ ಒಂದೂವರೆ ಎರಡು ಅಡಿ ದಪ್ಪ. ತೊಲೆಜಂತೆಗಳ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಬೆಳಕಿಗೆ ಒಂದು ಗವಾಕ್ಷಿ. ಹಗಲಿನ ಬಿಸಿ ಆ ಮಣ್ಣನ್ನು ದಾಟಿ ಒಳಗೆ ಇಳಿಯುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸಿರುತ್ತದೆ. ಒಳಕೋಣೆಯಲ್ಲಿ ಕಾಳಿನ ಚೀಲದ ಪಕ್ಕದಲ್ಲಿ, ಕತ್ತಲೆಯಲ್ಲಿ, ಒಣನೆಲದ ಮೇಲೆ ಟ್ರಂಕು ಕುಳಿತಿರುತ್ತಿತ್ತು. ಹೊಸ ಕಾಲದ ಗ್ರಂಥಭಂಡಾರಗಳು ಧ್ವನಿಮುದ್ರಿಕೆಗಳಿಗೆ ಬೇಕೆನ್ನುವುದೂ ಇದನ್ನೇ: ಕತ್ತಲೆ, ತಂಪು, ಒಣಹವೆ, ಏರಿಳಿತವಿಲ್ಲದ ಉಷ್ಣಮಾನ. ಹೆಸರುಬೇಳೆಗೆ ಹುಳು ಹಿಡಿಯಬಾರದೆಂದು ನಮ್ಮ ಹಿರಿಯರು ಮಾಡಿದ ಏರ್ಪಾಡು ಹಾಡನ್ನೂ ಕಾದುಕೊಟ್ಟಿತು.

ಇದರಿಂದ ಇತಿಹಾಸದ ವಿದ್ಯಾರ್ಥಿ ಕಲಿಯಬೇಕಾದ ಪಾಠವೊಂದುಂಟು. ಹಳೆಯದರಲ್ಲಿ ಉಳಿದದ್ದೆಲ್ಲ ಶ್ರೇಷ್ಠವಾದುದರಿಂದ ಉಳಿಯಿತು ಎಂದು ನಾವು ಬಗೆಯುತ್ತೇವೆ. ಅದು ಅರ್ಧ ಸತ್ಯ. ನೆರಳು ಸಿಕ್ಕಿದ್ದು ಉಳಿಯಿತು. ನೆರಳು ಸಿಗದದ್ದು ಬಾಗಿತು, ಒಡೆಯಿತು. ಟ್ರಂಕು ಕೊಳ್ಳಬಲ್ಲ, ಒಳಕೋಣೆಯಿರುವ ಮನೆಯವರು ಮೆಚ್ಚಿದ ಸಂಗೀತ ನಮ್ಮ ಕೈ ಸೇರಿದೆ. ಒಂದೇ ಕೋಣೆಯ ಗುಡಿಸಲಿನಲ್ಲಿದ್ದವರು ಏನನ್ನು ಮೆಚ್ಚಿ ಕೇಳಿದರು ಎಂಬುದಕ್ಕೆ ತಟ್ಟೆಯ ಸಾಕ್ಷಿ ಕಡಮೆ. ಅಚ್ಚಿಗೆ ಬಳಸಿದ ಲೋಹದ ಮೂಲಗಳೂ ಕಾರ್ಖಾನೆಗಳಲ್ಲಿ ಎಲ್ಲವೂ ಉಳಿದಿಲ್ಲ. ಹಾಗಾಗಿ ಒಂದು ಹಾಡಿಗೆ ಒಂದು ಮನೆಯ ತಟ್ಟೆಯೇ ಕೊನೆಯ ಆಧಾರವಾಗಿರುವುದು ಅಸಂಭವವಲ್ಲ.

ಆ ಆಧಾರದ ಬೆಲೆ ಏನೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ (1913–2009) ನಿದರ್ಶನ ಸಾಕು. ಅವರ ಗಂಡುಗಂಭೀರವಾದ ಕಂಠವನ್ನು ಕನ್ನಡಿಗರೆಲ್ಲ ಬಲ್ಲರು. ಆದರೆ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರು ಹಾಡಿದ ತಟ್ಟೆಗಳಲ್ಲಿ ಕೇಳುವುದು ಬೇರೊಂದು ದನಿ: ತೆಳುವಾದ, ಮೇಲಿನ ಶ್ರುತಿಯ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಆ ಕಂಠ ಮಾಯವಾಯಿತು. ಹಾಡಿದವರಿಗೇ ಹಿಂದಿರುಗಿ ದೊರೆಯದ ಆ ಕಂಠ ಅರಗಿನಲ್ಲಿ ಮಾತ್ರ ಉಳಿದಿದೆ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ (1922–2011) ಕಥೆಯೂ ತಟ್ಟೆಯಿಂದಲೇ ಆರಂಭವಾಗುತ್ತದೆ. ಅಬ್ದುಲ್ ಕರೀಂ ಖಾನರ ಠುಮ್ರಿಯ ಮುದ್ರಿಕೆಯೊಂದನ್ನು ಬಾಲಕ ಕೇಳಿದ. ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ಎಳೆವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟ. ಮೂರು ನಿಮಿಷದ ತಟ್ಟೆಯೊಂದು ಒಂದು ಬಾಳನ್ನೇ ತಿರುಗಿಸಿತು.

1948ರ ಜೂನಿನಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ವಿನೈಲಿನ ದೀರ್ಘ ತಟ್ಟೆಯನ್ನು ಹೊರತಂದಿತು. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು. ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಹಾಡು. ಏಳೆಂಟು ಅರಗಿನ ತಟ್ಟೆಗಳ ಸರಕು ಒಂದರಲ್ಲಿ ಅಡಗಿತು. ಬೀಳಿಸಿದರೂ ಒಡೆಯದು. ಆದರೂ ನಮ್ಮ ದೇಶದಲ್ಲಿ ಅರಗಿನ ತಟ್ಟೆಗಳು 1960ರ ದಶಕದ ಕೊನೆಯವರೆಗೂ ಬರುತ್ತಿದ್ದುವು. ಕೀಲಿಯ ಯಂತ್ರವನ್ನು ಹಳ್ಳಿಗಳು ಬೇಗ ಬಿಡಲಿಲ್ಲ. ಆ ಕಾಲದ ದೊಡ್ಡ ಸಂಗ್ರಹಗಳು ರಸಿಕರ ಮನೆಗಳಲ್ಲಷ್ಟೇ ಇರಲಿಲ್ಲ, ಮೈಕುಸೆಟ್ಟಿನ ಅಂಗಡಿಗಳಲ್ಲಿದ್ದುವು. ಮದುವೆಯಿರಲಿ, ಜಾತ್ರೆಯಿರಲಿ, ಟೂರಿಂಗ್ ಟಾಕೀಸಿನ ಮೊದಲ ಆಟವಿರಲಿ, ಊರಿಗೆಲ್ಲ ಕೇಳುವಂತೆ ತಟ್ಟೆ ತಿರುಗುತ್ತಿತ್ತು. ಬಂಡಿಯಲ್ಲಿ, ಬಿಸಿಲಿನಲ್ಲಿ, ಪೆಂಡಾಲಿನ ಧೂಳಿನಲ್ಲಿ ಅಲೆದ ಆ ತಟ್ಟೆಗಳು ಹೆಚ್ಚು ಜನರಿಗೆ ಹಾಡಿದುವು. ಹೆಚ್ಚು ಬೇಗ ಸವೆದುವು. ಮುಂದೆ ಕ್ಯಾಸೆಟ್ಟು ಬಂತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಕನ್ನಡದ ಮನೆಮನೆಯನ್ನು ಮುಟ್ಟಿತು. ಅಂಗೈಯಲ್ಲಿ ಹಿಡಿಯುವ ಹಾಡಿನ ಮುಂದೆ ಅಂಗುಲಗಟ್ಟಲೆ ಅಗಲದ ತಟ್ಟೆ ಅಟ್ಟಕ್ಕೆ ಏರಿತು.

ಅಟ್ಟವೆಂದೆನಲ್ಲ, ಇಂದಿನ ಫ್ಲಾಟಿನಲ್ಲಿ ಅನಾಹುತ ಆರಂಭವಾಗುವುದು ಅಲ್ಲಿಂದಲೇ. ಮಾಳಿಗೆ ಮನೆಯ ಮಣ್ಣಿನ ಸೂರು ಬಿಸಿಯನ್ನು ತಡೆಯುತ್ತಿತ್ತು. ಕಾಂಕ್ರೀಟಿನ ಸೂರು ಬಿಸಿಯನ್ನು ಕುಡಿದು ರಾತ್ರಿಯಿಡೀ ಒಳಗೆ ಉಗುಳುತ್ತದೆ. ಮೇಲಂತಸ್ತಿನ ಮನೆಯ ಸೂರಿಗೆ ಒತ್ತಿದ ಸಜ್ಜೆಯ ಮೇಲೆ ಟ್ರಂಕನ್ನು ಏರಿಸಿದರೆ ಅದನ್ನು ಒಲೆಯ ಮೇಲಿಟ್ಟಂತೆಯೇ. ವಿನೈಲು ಕೂಡ ಸುಮಾರು 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಮೇಲೆ ಭಾರವಿದ್ದರೆ, ಇಲ್ಲವೆ ಓರೆಯಾಗಿ ಒರಗಿಸಿದ್ದರೆ, ಅದಕ್ಕೂ ಮೊದಲೇ ಬಾಗುತ್ತದೆ. ಪಶ್ಚಿಮದ ಗೋಡೆ, ಅಡಿಗೆಮನೆಯ ಹಿಂದಿನ ಗೋಡೆ, ಫ್ರಿಜ್ಜಿನ ನೆತ್ತಿ, ಮುಚ್ಚಿದ ಕಾರು, ಇವೆಲ್ಲ ತಟ್ಟೆಗೆ ಶತ್ರುಗಳು. ಮನೆಯ ನಡುಭಾಗದ ಒಳಗೋಡೆಗೆ ಹೊಂದಿದ, ನೆಲದಿಂದ ಗೇಣಷ್ಟು ಮೇಲಿರುವ ಕೆಳಗಿನ ಅಂಕಣವೇ ಅದಕ್ಕೆ ಒಪ್ಪುವ ಸ್ಥಳ. ಹಳೆಯ ಮನೆಯ ಒಳಕೋಣೆಗೆ ಫ್ಲಾಟಿನಲ್ಲಿ ಹತ್ತಿರದ ನೆಂಟನೆಂದರೆ ಅದೇ.

ಎರಡನೆಯ ಮಾತು ಭಾರದ್ದು. ಹೊದಿಕೆಯೂ ಸೇರಿ ನೂರು ದೀರ್ಘ ತಟ್ಟೆಗಳು ಸುಮಾರು 25 ಕಿಲೋಗ್ರಾಂ ಆಗುತ್ತವೆ. ತೆಳು ಹಲಗೆಯ ಕಪಾಟು ಒಂದೆರಡು ವರ್ಷದಲ್ಲಿ ಹೊಟ್ಟೆ ಬಿಡುತ್ತದೆ. ನಮ್ಮ ಭಾಗದ ಮನೆಗಳಲ್ಲಿ ಗೋಡೆಯೊಳಗೆ ಕೂರಿಸುವ ಕಡಪಾ ಬಂಡೆಯ ಅಂಕಣವಾದರೆ ಚಿಂತೆಯಿಲ್ಲ. ಅದು ಭಾರಕ್ಕೂ ಜಗ್ಗದು, ಗೆದ್ದಲಿಗೂ ಜಗ್ಗದು. ದೀರ್ಘ ತಟ್ಟೆಯ ರಟ್ಟಿನ ಹೊದಿಕೆ ಹನ್ನೆರಡೂವರೆ ಅಂಗುಲಕ್ಕೆ ಹತ್ತಿರ. ಪುಸ್ತಕದ ಬೀರು ಅಷ್ಟು ಆಳವಿರುವುದಿಲ್ಲವಾದ್ದರಿಂದ ಮೊದಲು ಅಳತೆ ಹಿಡಿದು ನೋಡಬೇಕು. ತಟ್ಟೆಗಳನ್ನು ರೊಟ್ಟಿಯಂತೆ ಒಂದರ ಮೇಲೊಂದು ಒಟ್ಟಬಾರದು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಐದಾರು ಅಂಗುಲಕ್ಕೊಂದು ಗಟ್ಟಿ ಅಡ್ಡಹಲಗೆ ಇದ್ದರೆ ಒರಗುವುದಿಲ್ಲ. ಹತ್ತಂಗುಲದವನ್ನೂ ಹನ್ನೆರಡಂಗುಲದವನ್ನೂ ಬೆರೆಸಿದರೆ ದೊಡ್ಡದರ ಅಂಚಿಗೆ ಆಧಾರ ತಪ್ಪಿ ಬಿರುಕು ಬಿಡುತ್ತದೆ. ಆದುದರಿಂದ ಸಣ್ಣ ಮನೆಯಲ್ಲಿ ಮೊದಲ ವಿಂಗಡಣೆ ಗಾಯಕರ ಹೆಸರಿನದಲ್ಲ, ಅಳತೆಯದು. ಒರೆಸುವಾಗಲೂ ಎಚ್ಚರ ಬೇಕು: ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ವಿನೈಲಿಗೆಂದು ಮಾರುವ ದ್ರವವನ್ನು ಅರಗಿನ ತಟ್ಟೆಗೆ ಸವರಿದರೆ ಕೊಳೆಯ ಜೊತೆಗೆ ಹಾಡೂ ಹೋದೀತು.

ಹಳೆಯ ಕಂದು ಚೀಲಗಳಲ್ಲಿ ಹುಳಿಯಂಶವಿರುವುದರಿಂದ ತಟ್ಟೆಗೆ ಹೊಸ ಚೀಲ ತೊಡಿಸುವುದು ಸರಿ. ಹಾಗೆಂದು ಹಳೆಯದನ್ನು ಎಸೆಯಬಾರದು. ಮಾರಿದ ಅಂಗಡಿಯವನು ಅದರ ಮೇಲೆ ತನ್ನ ಹೆಸರು ಊರುಗಳ ಮೊಹರನ್ನು ಒತ್ತಿರುತ್ತಾನೆ; ಕೊಂಡವರು ಪೆನ್ಸಿಲಿನಲ್ಲಿ ತಾರೀಖು ಬರೆದಿರುವುದೂ ಉಂಟು. ಆ ತಟ್ಟೆ ಮದರಾಸಿನ ದಾರಿಯಲ್ಲಿ ಬಂತೋ ಹುಬ್ಬಳ್ಳಿಯ ದಾರಿಯಲ್ಲಿ ಬಂತೋ, ಯಾವ ವರ್ಷ ನಮ್ಮ ಊರಿನ ಕಿವಿ ಯಾವ ಕಡೆಗೆ ತಿರುಗಿತ್ತು ಎಂಬುದನ್ನು ಹೇಳುವ ಶಾಸನ ಅದೊಂದೇ. ಶಾಸನವೆಂದರೆ ಕಲ್ಲಿನದೇ ಆಗಬೇಕೆಂದಿಲ್ಲ.

ಇಷ್ಟಾದರೂ ಎಲ್ಲವನ್ನೂ ಎಲ್ಲರೂ ಇಟ್ಟುಕೊಳ್ಳಲಾರರು. ಚೆನ್ನೈಯ ವಿ. ಎ. ಕೆ. ರಂಗರಾಯರಂತೆ ಹತ್ತಾರು ಸಾವಿರ ತಟ್ಟೆಗಳನ್ನು ಕೂಡಿಸುವ ಛಲ ಕೆಲವರಿಗೇ ಸಾಧ್ಯ. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವೂ, ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಆರಂಭಿಸಿದ ಭಾರತೀಯ ಸಂಗೀತದ ಭಂಡಾರವೂ ಈ ಕೆಲಸಕ್ಕೆಂದೇ ನಿಂತವು. ಸಾವಿರಾರು ಪ್ರತಿ ಹೋದ ಸಿನಿಮಾ ಹಾಡಿನ ತಟ್ಟೆಯನ್ನು ಬಿಟ್ಟುಕೊಟ್ಟರೆ ಲೋಕ ಮುಳುಗದು. ರಂಗಗೀತೆ, ವಚನ, ನಾಟಕದ ಸೆಟ್ಟು, ಹೆಸರೇ ಕೇಳದ ಗಾಯಕಿಯ ತಟ್ಟೆ, ಇವುಗಳ ವಿಷಯದಲ್ಲಿ ಮಾತ್ರ ಕೈ ತಡೆಯಬೇಕು. ಪ್ರಸಿದ್ಧರ ಹಾಡನ್ನು ಕಾಯುವವರು ನೂರು ಜನ ಇದ್ದಾರೆ. ಅಪ್ರಸಿದ್ಧರನ್ನು ಕಾಯುವುದು ಆ ಟ್ರಂಕು ಮಾತ್ರ. ‘ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ’ ಎಂಬ ಮಾತು ಪ್ರಸಿದ್ಧರ ಮಟ್ಟಿಗೆ ನಿಜ. ಯಾರೋ ಒಬ್ಬರು ತಟ್ಟೆಯನ್ನು ಉಳಿಸಿ, ತೊಳೆದು, ತಿರುಗಿಸಿ, ಇಳಿಸಿಕೊಂಡ ಹಾಡು ಮಾತ್ರ ಫೋನಿಗೆ ಬಂದೀತು. ಉಳಿಸದೆ ಹೋದದ್ದನ್ನು ಯಾವ ಯಂತ್ರವೂ ಹುಡುಕಿ ಕೊಡದು.

ವಿಚಿತ್ರವೆಂದರೆ, ಗುಜರಿಯವನು ತಕ್ಕಡಿ ಹಿಡಿದು ನಿಂತಿರುವಾಗಲೇ ವಿನೈಲಿನ ತಟ್ಟೆಗೆ ಮತ್ತೆ ಕಾಲ ಬಂದಿದೆ. ಅಮೆರಿಕದಲ್ಲಿ 2020ರಲ್ಲಿ ಅದರ ಮಾರಾಟದ ಹಣ, 1980ರ ದಶಕದಿಂದೀಚೆಗೆ ಮೊದಲ ಬಾರಿಗೆ, ಸೀಡಿಯದನ್ನು ಮೀರಿತು. ಬೆಂಗಳೂರಿನ ಹುಡುಗರು ಹೊಸ ತಟ್ಟೆಗೆ ಸಾವಿರಾರು ರೂಪಾಯಿ ಕೊಟ್ಟು ಪುಟ್ಟ ಮನೆಯ ಗೋಡೆಗೆ ಜೋಡಿಸುತ್ತಾರೆ. ಸಂತೋಷ. ಆ ಸಾಲಿನ ಕೊನೆಗೆ ಒಂದು ಅಡಿ ಜಾಗ ಬಿಟ್ಟರೆ ಹೊದಿಕೆ ತೊಟ್ಟ ಎಪ್ಪತ್ತು ತಟ್ಟೆಗಳು ಹಿಡಿಯುತ್ತವೆ. ಮೋಕದ ಟ್ರಂಕಿನಿಂದ ಆರಿಸಿದ ಎಪ್ಪತ್ತಕ್ಕೆ ಒಂದು ಪಟ್ಟಿ ಬರೆಯಲಿ: ಹಾಡಿದವರು, ಕಂಪೆನಿ, ನಡುವೆ ಮುದ್ರಿಸಿದ ಸಂಖ್ಯೆ, ಚೀಲದ ಮೊಹರು, ಯಾರ ಮನೆಯದು ಎಂಬ ಐದು ಕಲಮು ಸಾಕು. ಒಂದು ಭಾನುವಾರದ ಕೆಲಸ. ಅಜ್ಜಿ ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮೇಲು. ಐದನೆಯ ಕಲಮನ್ನು ತುಂಬಬಲ್ಲವರು ಅವರೊಬ್ಬರೇ.